ಕೈಸನ್ನೆಯ ಅಳತೆ ಯಾರ ಪುಸ್ತಕಕ್ಕೆ?



ಕಳೆದ ವರ್ಷ ಮಗ ನನಗೊಂದು ಸ್ಮಾರ್ಟ್ ವಾಚ್ ತಂದುಕೊಟ್ಟ. ಹೆಬ್ಬೆರಳಿಗೆ ತೋರುಬೆರಳನ್ನು ಎರಡು ಸಲ ತಟ್ಟಿದರೆ ಸಾಕು, ಬಂದ ಕರೆಗೆ ಉತ್ತರಿಸಬಹುದು. ಮೊಮ್ಮಗಳು ಚಪ್ಪಾಳೆ ಹೊಡೆದು ನಕ್ಕಳು, ನಾನೂ ನಕ್ಕೆ. ಆದರೆ ಸರ್ಕಾರಿ ಎಂಜಿನಿಯರ್ ಆಗಿ ನಿವೃತ್ತನಾದವನಿಗೆ ಒಂದು ಪ್ರಶ್ನೆ ಉಳಿಯಿತು: ನಾನು ಯಾವಾಗ ಬೆರಳು ತಟ್ಟುತ್ತೇನೆಂದು ವಾಚಿಗೆ ಹೇಗೆ ತಿಳಿಯುತ್ತದೆ?

ಉತ್ತರ ಸರಳ. ಅದು ಕೈಯನ್ನು ಸದಾ ಗಮನಿಸುತ್ತಿರಬೇಕು. ಆಪಲ್ ಕಂಪನಿ 2023ರಲ್ಲಿ ತಂದ ಡಬಲ್ ಟ್ಯಾಪ್ ಸೌಲಭ್ಯವು ಚಲನೆಯ ಸೆನ್ಸರ್‌ಗಳ ಜೊತೆಗೆ ನಾಡಿಬಡಿತ ಅಳೆಯುವ ಸೆನ್ಸರನ್ನೂ ಬಳಸುತ್ತದೆ. ಬೆರಳು ಕೂಡಿದಾಗ ಮಣಿಕಟ್ಟಿನ ರಕ್ತದ ಹರಿವಿನಲ್ಲಾಗುವ ಸಣ್ಣ ವ್ಯತ್ಯಾಸವನ್ನೂ ಅದು ಹಿಡಿಯುತ್ತದೆ. ಮೆಟಾ ಕಂಪನಿ 2025ರಲ್ಲಿ ತನ್ನ ಕನ್ನಡಕದೊಂದಿಗೆ ಮಾರಾಟಕ್ಕಿಟ್ಟ ಕೈಪಟ್ಟಿ ಸ್ನಾಯುಗಳ ವಿದ್ಯುತ್ ಸಂಕೇತಗಳನ್ನೇ ಓದುತ್ತದೆ.

ಕೈ ಹೇಳುವುದು ಸನ್ನೆಯನ್ನು ಮಾತ್ರವಲ್ಲ. 2016ರಲ್ಲಿ ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯ ಮತ್ತು ಸ್ಟೀವನ್ಸ್ ಇನ್‌ಸ್ಟಿಟ್ಯೂಟ್‌ನ ಸಂಶೋಧಕರು ಇದನ್ನು ಪರೀಕ್ಷಿಸಿ ನೋಡಿದರು. ವಾಚ್ ಕಟ್ಟಿದ ಕೈಯಿಂದ ಪಿನ್ ಒತ್ತಿದಾಗ, ಕೈಯ ಚಲನೆಯಿಂದಲೇ ಆ ಅಂಕಿಗಳನ್ನು ಮೊದಲ ಯತ್ನದಲ್ಲಿ ಶೇ. 80ರಷ್ಟು, ಮೂರು ಯತ್ನಗಳಲ್ಲಿ ಶೇ. 90ಕ್ಕೂ ಹೆಚ್ಚು ನಿಖರವಾಗಿ ಕಂಡುಹಿಡಿದರು. ಪಾರ್ಕಿನ್ಸನ್ ರೋಗಿಗಳ ಕೈನಡುಕವನ್ನು ಅಳೆಯಲೂ ಸಂಶೋಧಕರು ಇಂಥ ವಾಚುಗಳನ್ನು ಬಳಸುತ್ತಾರೆ.

ಈ ಕೊನೆಯ ಮಾತು ನನ್ನನ್ನು ತಟ್ಟಿತು. ಕೆಲವು ತಿಂಗಳಿಂದ ನನ್ನ ಎಡಗೈ ಸಣ್ಣಗೆ ನಡುಗುತ್ತಿದೆ. ವೈದ್ಯರಿಗೆ ತೋರಿಸಿದ್ದೆ, ಮಗನಿಗೆ ಹೇಳಿರಲಿಲ್ಲ. ಈ ಲೇಖನ ಕಳುಹಿಸುವ ಮುನ್ನ ಹೇಳಿದೆ. ಯಾರಿಗೆ, ಯಾವಾಗ ಹೇಳಬೇಕೆಂದು ತೀರ್ಮಾನಿಸಿದವನು ನಾನು. ಆ ತೀರ್ಮಾನ ವಾಚಿನದಾಗಬಾರದು, ಆ ಅಳತೆ ವಿಮೆ ಮಾರುವವರ ಕೈಗೂ ಹೋಗಬಾರದು.

ನಮ್ಮ ಇಲಾಖೆಯಲ್ಲಿ ಎಂ.ಬಿ. ಪುಸ್ತಕ ಇರುತ್ತಿತ್ತು. ಯಾವ ಕಾಮಗಾರಿ, ಯಾವ ದಿನ, ಅಳೆದವರು ಯಾರು ಎಂದು ಬರೆದು ಸಹಿ ಹಾಕಬೇಕು. ಒಂದು ಕಾಮಗಾರಿಗೆ ತೆಗೆದ ಅಳತೆಯನ್ನು ಇನ್ನೊಂದರ ಬಿಲ್ಲಿಗೆ ಬಳಸುವಂತಿಲ್ಲ. ಚರಂಡಿಯ ಮಣ್ಣಿಗಿರುವ ಈ ಶಿಸ್ತು ಮನುಷ್ಯನ ದೇಹಕ್ಕೆ ಬೇಡವೇ?

ನ್ಯಾಯ ಈಗಾಗಲೇ ನಮ್ಮ ಕಡೆಗಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆಯನ್ನು ನಾವು ತಿಳಿದು, ಒತ್ತಾಯವಿಲ್ಲದೆ, ನಿರ್ದಿಷ್ಟ ಉದ್ದೇಶಕ್ಕೆ ಕೊಟ್ಟಿರಬೇಕು. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದುವ ಅವಕಾಶವಿರಬೇಕು. ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯುವಂತಿರಬೇಕು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಮುಖ್ಯ ಹೊಣೆಗಳನ್ನು ಪಾಲಿಸಲು ಕಂಪನಿಗಳಿಗೆ 18 ತಿಂಗಳ ಗಡುವು ಸಿಕ್ಕಿದೆ.

ಆದರೆ ಈ ಕಾಯ್ದೆ ಆರೋಗ್ಯದ ಮಾಹಿತಿಯನ್ನು ಸೂಕ್ಷ್ಮವೆಂದು ಬೇರೆ ವರ್ಗವಾಗಿ ಗುರುತಿಸಿಲ್ಲ. ಇದು ದೊಡ್ಡ ಕೊರತೆ. ದೇಹದಿಂದ ತೆಗೆದ ಅಳತೆಗೆ ಹೆಚ್ಚಿನ ರಕ್ಷಣೆ ಬೇಕು. ಸನ್ನೆ ಗುರುತಿಸುವ ಕೆಲಸ ಸಾಧನದೊಳಗೇ ಮುಗಿಯಬೇಕು, ಮುಗಿದ ಕೂಡಲೇ ಅಳತೆ ಅಳಿಯಬೇಕು. ಇದು ತಾಂತ್ರಿಕವಾಗಿ ಸಾಧ್ಯ. ಹೊರಗೆ ಕಳುಹಿಸಲೇಬೇಕಾದರೆ ಪ್ರತಿ ಉದ್ದೇಶಕ್ಕೂ ಬೇರೆ ಒಪ್ಪಿಗೆ ಕೇಳಲಿ.

"ನನ್ನಲ್ಲಿ ಮುಚ್ಚಿಡುವಂಥದ್ದೇನಿದೆ?" ಎನ್ನುವವರುಂಟು. ಪ್ರಾಮಾಣಿಕರ ಮನೆಗೂ ಬಾಗಿಲಿರುತ್ತದೆ. ವಾಚನ್ನು ಎಸೆಯಿರಿ ಎಂದು ನಾನು ಹೇಳುತ್ತಿಲ್ಲ. ಬಿದ್ದ ವೃದ್ಧರ ಸುದ್ದಿಯನ್ನು ಮಕ್ಕಳಿಗೆ ಮುಟ್ಟಿಸುವ ವಾಚುಗಳೂ ಇವೆ, ಅದು ದೊಡ್ಡ ಉಪಕಾರ. ನನ್ನ ವಾಚಿನ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು, ನಾನೂ ಓದದೆ ಒತ್ತಿದ್ದೆ. ತಪ್ಪು ನನ್ನದೂ ಹೌದು. ಈಗ ಸೆಟ್ಟಿಂಗ್ಸ್ ತೆರೆದು ಬೇಡದ ಅನುಮತಿಗಳನ್ನೆಲ್ಲ ಮುಚ್ಚಿದ್ದೇನೆ. ಕನ್ನಡದ ಪ್ರತಿ ಕೊಡಿ ಎಂದು ಕಂಪನಿಗೆ ಬರೆದಿದ್ದೇನೆ. ನೀವೂ ಬರೆಯಿರಿ, ಮನೆಯ ಹಿರಿಯರ ವಾಚನ್ನು ಒಮ್ಮೆ ತೆರೆದು ನೋಡಿ. ಅರಿವಿಲ್ಲದ ಒಪ್ಪಿಗೆ ಒಪ್ಪಿಗೆಯಲ್ಲ.