ಕಿಣ್ವ ಹೊಟ್ಟೆಯಲ್ಲಿ ಮಾತ್ರವೇ?

"ಸರ, ಕಿಣ್ವ ಅಂದ್ರ ಹೊಟ್ಟ್ಯಾಗ ಅಷ್ಟ ಇರ್ತಾವೇನ್ರಿ?"

ಎಂಟನೇ ಇಯತ್ತೆಯ ಹುಡುಗಿಯ ಪ್ರಶ್ನೆ ಇದು. ಜೊಲ್ಲು, ಜಠರರಸ, ಅನ್ನ ಕರಗುವುದು... ಇಷ್ಟಕ್ಕೇ ಕಿಣ್ವದ ಪಾಠ ಮುಗಿಸಿದವನು ನಾನೇ. ತಪ್ಪು ನನ್ನದು.

ನೋಡಿ, ಪ್ರಾಣಿಯ ಮೈ ರೂಪುಗೊಳ್ಳಲಿಕ್ಕೂ ಕತ್ತರಿಸುವ ಕಿಣ್ವಗಳು ಬೇಕು. ಅರಿವೆ ಕತ್ತರಿಸದೆ ಟೇಲರ್ ಜಂಪರ್ ಹೊಲಿಯುತ್ತಾನೆಯೇ? ಆದರೆ ಈ ಕಿಣ್ವಗಳು ಜೀವಕೋಶದ ಪೊರೆಯನ್ನೇ ಹರಿಯುವುದಿಲ್ಲ. ಪೊರೆಯಲ್ಲಿ ನಾಟಿಕೊಂಡಿರುವ ಪ್ರೋಟೀನನ್ನು ಗೊತ್ತಾದ ಜಾಗದಲ್ಲಿ ಕತ್ತರಿಸುತ್ತವೆ.

ಕೊಳೆತ ಬಾಳೆಹಣ್ಣಿಗೆ ಮುತ್ತುವ ಹಣ್ಣುನೊಣ ಎಲ್ಲರಿಗೂ ಗೊತ್ತು. 1914ರಲ್ಲಿ ಅಮೆರಿಕದ ಜಾನ್ ಡೆಕ್ಸ್ಟರ್ ರೆಕ್ಕೆಯ ಅಂಚಿನಲ್ಲಿ ಕಚ್ಚು ಬಿದ್ದ ನೊಣಗಳನ್ನು ಗಮನಿಸಿದರು. ಆ ಕಚ್ಚಿನಿಂದಲೇ 'ನಾಚ್' ಎಂಬ ಜೀನಿಗೆ ಹೆಸರು ಬಂತು. ಈ ಜೀನು ಮಾಡಿಸುವ ಪ್ರೋಟೀನು ಪೊರೆಯಲ್ಲಿ ಅರ್ಧ ಹೊರಗೆ, ಅರ್ಧ ಒಳಗೆ ನಿಂತಿರುತ್ತದೆ. ಪಕ್ಕದ ಕೋಶ ಅದರ ಹೊರತುದಿಯನ್ನು ಹಿಡಿದು ಜಗ್ಗಿದಾಗ ಒಂದು ಕಿಣ್ವ ಹೊರಗಡೆ ಕತ್ತರಿಸುತ್ತದೆ. ಆಮೇಲೆ ಗಾಮಾ ಸೀಕ್ರೆಟೇಸ್ ಎಂಬ ಇನ್ನೊಂದು ಕಿಣ್ವ ಪೊರೆಯ ಒಳಗೇ ಕತ್ತರಿಸುತ್ತದೆ. ಬಿಡುಗಡೆಯಾದ ಒಳತುಂಡು ಕೋಶಕೇಂದ್ರಕ್ಕೆ ಹೋಗಿ ಜೀನುಗಳನ್ನು ಚಾಲೂ ಮಾಡುತ್ತದೆ. ಅಕ್ಕಪಕ್ಕದ ಕೋಶಗಳಲ್ಲಿ ಯಾವುದು ನರವಾಗಬೇಕು, ಯಾವುದು ಚರ್ಮವಾಗಬೇಕು ಎನ್ನುವುದು ಹೀಗೆ ತೀರ್ಮಾನವಾಗುತ್ತದೆ. ಕತ್ತರಿಸಿದ್ದನ್ನು ಮತ್ತೆ ಕೂಡಿಸಲಾಗದು. ಒಂದು ಪ್ರೋಟೀನು, ಒಂದೇ ಸಂದೇಶ. ನಮ್ಮ ಬೆನ್ನೆಲುಬಿನ ಮಣಿಗಳು ಸಾಲಾಗಿ ಮೂಡಲಿಕ್ಕೂ ಇದೇ ನಾಚ್ ಬೇಕು.

ಪ್ರೋಟೀನು ಕತ್ತರಿಸಲು ನೀರು ಬೇಕು, ಪೊರೆಯೋ ಎಣ್ಣೆಯಂಥದು. ಅದರೊಳಗೆ ಈ ಕೆಲಸ ನಡೆಯುತ್ತದೆಂದರೆ ಬಹಳ ದಿನ ನಂಬಲಿಕ್ಕೇ ಕಷ್ಟವಾಗಿತ್ತು. ಹಣ್ಣುನೊಣದ ರಾಂಬಾಯ್ಡ್ ಎಂಬ ಪ್ರೋಟೀನೂ ಇಂಥದೇ ಕಿಣ್ವವೆಂದು 2001ರಲ್ಲಿ ಇಂಗ್ಲೆಂಡಿನ ಮ್ಯಾಥ್ಯೂ ಫ್ರೀಮನ್ ತಂಡ ತೋರಿಸಿತು.

ಇದೆಲ್ಲ ನೊಣದ ಸುದ್ದಿ, ನಮಗೇನು ಎನ್ನಬೇಡಿ. ಮುಪ್ಪಿನ ಮರೆವಿನ ರೋಗ ಆಲ್ಝೈಮರ್‌ನಲ್ಲಿ ಮಿದುಳಿನಲ್ಲಿ ಕೂಡಿಕೊಳ್ಳುವ ಅಮಿಲಾಯ್ಡ್ ಚೂರುಗಳನ್ನು ಕತ್ತರಿಸುವುದೂ ಗಾಮಾ ಸೀಕ್ರೆಟೇಸೇ. ಅದನ್ನು ತಡೆಯಲು ಎಲಿ ಲಿಲಿ ಕಂಪನಿ ಸೆಮಗಾಸೆಸ್ಟಾಟ್ ಎಂಬ ಔಷಧ ಮಾಡಿತು. 2010ರಲ್ಲಿ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ರೋಗಿಗಳ ಮರೆವು ಇನ್ನಷ್ಟು ಹದಗೆಟ್ಟಿತ್ತು, ಚರ್ಮದ ಕ್ಯಾನ್ಸರ್ ಹೆಚ್ಚಿತ್ತು. ಚರ್ಮವನ್ನು ಕಾಯುವ ನಾಚ್‌ನ ಕೆಲಸವೂ ನಿಂತದ್ದು ಇದಕ್ಕೆ ಒಂದು ಕಾರಣವೆಂದು ತಜ್ಞರು ಹೇಳುತ್ತಾರೆ. ಕತ್ತರಿ ಒಂದೇ, ಅದು ಕತ್ತರಿಸುವ ಅರಿವೆ ಹಲವು!

ಈಗ ನಮ್ಮ ಮಾತಿಗೆ ಬರೋಣ. ಉಮರ್ಗಾ, ನಿಲಂಗಾ, ಉದಗೀರ ಕಡೆಯ ಎಷ್ಟೋ ಮನೆಗಳಲ್ಲಿ ಮಾತು ಕನ್ನಡ, ಪೇಟೆಯಲ್ಲಿ ಮರಾಠಿ. ಕನ್ನಡ ಶಾಲೆಯ ಮಗು ಹತ್ತನೆಯ ನಂತರ ವಿಜ್ಞಾನ ಓದಬೇಕೆಂದರೆ ಪುಸ್ತಕ ಇಂಗ್ಲಿಷಿನದು, ಜೊತೆಗಾರರ ಮಾತು ಮರಾಠಿ. ನಮ್ಮ 'ಕಿಣ್ವ' ಅಲ್ಲಿ 'ವಿಕರ', ನಮ್ಮ 'ಜೀವಕೋಶ' ಅಲ್ಲಿ 'ಪೇಶಿ'. ಹೆಸರು ಬಾಯಿಪಾಠ ಮಾಡಿದ ಮಗು ಅಲ್ಲಿ ತಬ್ಬಿಬ್ಬಾಗುತ್ತದೆ. ಕತ್ತರಿ ಹೇಗೆ ನಡೆಯುತ್ತದೆಂದು ಕನ್ನಡದಲ್ಲಿ ತಿಳಿದುಕೊಂಡ ಮಗುವಿಗೆ ಬರೀ ಹೆಸರು ಬದಲಾಗುತ್ತದೆ, ತಿಳಿವಳಿಕೆ ಹಾಗೇ ಇರುತ್ತದೆ.

ಆದ್ದರಿಂದ ಶಿಕ್ಷಕ ಗೆಳೆಯರಲ್ಲಿ ನನ್ನ ವಿನಂತಿ ಇಷ್ಟೇ. ಪುಸ್ತಕದಲ್ಲಿ ಇಲ್ಲ, ಪರೀಕ್ಷೆಗೆ ಬರುವುದಿಲ್ಲ ಎಂದು ಕೈಬಿಡಬೇಡಿ. ಒಂದು ಬಾಟಲಿ, ಒಂದು ಕಳಿತ ಬಾಳೆಹಣ್ಣು ಸಾಕು, ನೊಣ ತಾವಾಗಿ ಬರುತ್ತವೆ. ಹತ್ತು-ಹನ್ನೆರಡು ದಿನದಲ್ಲಿ ಮೊಟ್ಟೆಯಿಂದ ರೆಕ್ಕೆಯವರೆಗೆ ಮಕ್ಕಳೇ ನೋಡಲಿ.

ನಾಳೆ ನಾನೂ ಆ ಹುಡುಗಿಗೆ ಹೇಳಬೇಕು: "ಇಲ್ಲವ್ವಾ, ಹೊಟ್ಟ್ಯಾಗ ಅಷ್ಟ ಅಲ್ಲ. ನೀ ಹುಟ್ಟೂಕಿಂತ ಮೊದಲಿಂದನೂ ನಿನ್ನ ಮೈತುಂಬ ಅದಾವ."