ತಾಳದ ಇನ್ನೊಂದು ಅರ್ಧ

ಲೆಡ್ ಝೆಪ್ಪೆಲಿನ್ ಎಂದೊಡನೆ ಹೆಚ್ಚಿನವರ ಕಣ್ಣಮುಂದೆ ಬರುವುದು ಗಾಯಕ ರಾಬರ್ಟ್ ಪ್ಲಾಂಟ್ ಅವರ ಗುಂಗುರು ಕೂದಲು, ಜಿಮ್ಮಿ ಪೇಜ್ ಅವರ ಗಿಟಾರ್, ಡ್ರಮ್ಸ್ ಹಿಂದೆ ಕೂತ ಜಾನ್ ಬೋನಮ್. ನಾಲ್ಕನೆಯವರ ಹೆಸರು ಸ್ವಲ್ಪ ತಡವಾಗಿ ನೆನಪಾಗುತ್ತದೆ. ಅವರು ಜಾನ್ ಪಾಲ್ ಜೋನ್ಸ್. ಬಾಸ್ ಗಿಟಾರ್ ಅವರದು, ಕೀಬೋರ್ಡ್ ಅವರದು, ಎಷ್ಟೋ ಹಾಡುಗಳ ಒಳಕಟ್ಟಡವೂ ಅವರದು. 1968ರಲ್ಲಿ ಹುಟ್ಟಿದ ಆ ತಂಡ 1980ರಲ್ಲಿ ಬೋನಮ್ ತೀರಿಕೊಂಡಾಗ ನಿಂತುಹೋಯಿತು. ಅಲ್ಲಿಂದ ಮುಂದೆ ಜೋನ್ಸ್ ಹಲವು ಕೆಲಸ ಮಾಡಿದರು. ನಾನು ಇಲ್ಲಿ ಎತ್ತಿಕೊಳ್ಳುವುದು ಒಂದನ್ನೇ. ಈ ಶತಮಾನದ ಆರಂಭದಿಂದ ಅವರು ಮ್ಯಾಂಡೋಲಿನ್ ಹಿಡಿದು ಅಮೆರಿಕದ ಜಾನಪದ ಮತ್ತು ಬ್ಲೂಗ್ರಾಸ್ ಕಲಾವಿದರ ಪಕ್ಕದಲ್ಲಿ, ತಮಗಿಂತ ಎಷ್ಟೋ ಚಿಕ್ಕವರ ಪಕ್ಕದಲ್ಲಿ, ಅವರಲ್ಲೊಬ್ಬರಾಗಿ ನುಡಿಸುತ್ತ ಬಂದಿದ್ದಾರೆ.

ಇದನ್ನು ಕೇಳಿದವರು "ಎಂಥ ಸರಳ ಮನುಷ್ಯ" ಎನ್ನುತ್ತಾರೆ. ಮಾತು ಸುಳ್ಳಲ್ಲ. ಆದರೆ ಆ ಹೊಗಳಿಕೆಯೊಳಗೆ ಒಂದು ತಪ್ಪು ಲೆಕ್ಕ ಕೂತಿದೆ: ದೊಡ್ಡ ವಾದ್ಯಗಳ ದೊಡ್ಡ ಮನುಷ್ಯ ಒಂದು ಪುಟ್ಟ ವಾದ್ಯಕ್ಕೆ ಇಳಿದು ಬಂದ ಎಂಬ ಲೆಕ್ಕ. ಜೋನ್ಸ್ ಇಳಿದು ಬಂದಿಲ್ಲ, ಹೆಚ್ಚು ಕಷ್ಟದ ಜಾಗಕ್ಕೆ ಹತ್ತಿ ಹೋಗಿದ್ದಾರೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದು ಯಾಕೆ ಕಷ್ಟ ಎಂದು ತಿಳಿಯಬೇಕಾದರೆ ವಾದ್ಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಮ್ಯಾಂಡೋಲಿನ್‌ಗೆ ಎಂಟು ತಂತಿಗಳು, ಎರಡೆರಡರ ನಾಲ್ಕು ಜೋಡಿ. ಪ್ರತಿ ಜೋಡಿಯ ಎರಡೂ ತಂತಿಗಳು ಒಂದೇ ಸ್ವರಕ್ಕೆ ಕೂಡಬೇಕು. ಒಂದು ಕೂದಲೆಳೆಯಷ್ಟು ಸಡಿಲವಾದರೂ ಸಾಕು, ಎರಡು ನಾದಗಳು ಒಂದಕ್ಕೊಂದು ತಿಕ್ಕಾಡಿ ಅಲೆಯಲೆಯಾಗಿ ಕೇಳಿಸತೊಡಗುತ್ತವೆ. ಸೇತುವೆಯಿಂದ ತಲೆಯ ಅಂಚಿನವರೆಗೆ ತಂತಿ ಮಿಡಿಯುವ ಉದ್ದ ಸುಮಾರು 35 ಸೆಂಟಿಮೀಟರ್. ಬಾಸ್ ಗಿಟಾರ್‌ನಲ್ಲಿ ಅದೇ ಉದ್ದ ಸಾಮಾನ್ಯವಾಗಿ 86 ಸೆಂಟಿಮೀಟರ್. ಅಲ್ಲಿ ಬೆರಳನ್ನು ಅಗಲಿಸಿ ಅಗಲಿಸಿ ಪಳಗಿದ ಕೈಗೆ ಇಲ್ಲಿ ಮೆಟ್ಟಿಲುಗಳು ಒತ್ತೊತ್ತಾಗಿ ಸಿಗುತ್ತವೆ. ಬಾಸ್‌ನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸಿದರೆ, ಮ್ಯಾಂಡೋಲಿನ್‌ನ ಅತಿ ಮೇಲಿನ ತಂತಿ 659 ಬಾರಿ ಕಂಪಿಸುತ್ತದೆ. ಕೈ ಬದಲಾಗುವುದರ ಜೊತೆಗೆ ಕಿವಿ ವಾಸಿಸುವ ಸ್ಥಾಯಿಯೂ ಬದಲಾಗಬೇಕು.

ಇನ್ನೊಂದು ಸೊಗಸಾದ ತೊಡಕಿದೆ. ಬಾಸ್‌ನ ತಂತಿಗಳನ್ನು ಕೆಳಗಿನ ಸ್ವರದಿಂದ ಮೇಲಕ್ಕೆ ಇ, ಎ, ಡಿ, ಜಿ ಎಂದು ಶ್ರುತಿ ಮಾಡುತ್ತಾರೆ. ಮ್ಯಾಂಡೋಲಿನ್‌ನ ಜೋಡಿಗಳು ಜಿ, ಡಿ, ಎ, ಇ. ಅದೇ ನಾಲ್ಕು ಸ್ವರಗಳು, ಪೂರ್ತಿ ತಿರುವುಮುರುವು. ನಮ್ಮ ಸಂಗೀತದ ಮಾತಿನಲ್ಲಿ ಹೇಳುವುದಾದರೆ, ಬಾಸ್‌ನಲ್ಲಿ ಒಂದು ತಂತಿ ಷಡ್ಜವಾದರೆ ಅದರ ಮೇಲಿನ ತಂತಿ ಶುದ್ಧ ಮಧ್ಯಮ, ಮ್ಯಾಂಡೋಲಿನ್‌ನಲ್ಲಿ ಪಂಚಮ. ಹಾಗಾಗಿ ಬಾಸ್ ವಾದಕನೊಬ್ಬ ಮ್ಯಾಂಡೋಲಿನ್ ಎತ್ತಿಕೊಂಡಾಗ ಎಲ್ಲವೂ ಪರಿಚಿತ, ಯಾವುದೂ ಇದ್ದಲ್ಲಿ ಇಲ್ಲ. ವರ್ಷಗಟ್ಟಲೆ ತಿದ್ದಿಕೊಂಡ ಬೆರಳಿನ ನಡೆಯನ್ನು ಬದಿಗಿಟ್ಟು ಹೊಸ ನಡೆ ಕಲಿಯಬೇಕು. ಈ ಶ್ರುತಿ ಪಾಶ್ಚಾತ್ಯ ಪಿಟೀಲಿನದೇ ಶ್ರುತಿ. ಪಿಟೀಲಿನ ಹಳೆಯ ಕುಣಿತದ ಮಟ್ಟುಗಳು ಮ್ಯಾಂಡೋಲಿನ್ ಮೇಲೆ ಸಲೀಸಾಗಿ ಕೂರುವುದು ಅದಕ್ಕಾಗಿಯೇ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ನಾದದ ಆಯಸ್ಸು. ಜೋನ್ಸ್ ಹದಿನಾಲ್ಕರ ವಯಸ್ಸಿಗೇ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವರು. ಆರ್ಗನ್‌ನಲ್ಲಿ ಬೆರಳು ಒತ್ತಿದಷ್ಟು ಹೊತ್ತೂ ಸ್ವರ ನಿಲ್ಲುತ್ತದೆ. ರಾಕ್ ವೇದಿಕೆಯ ಗಿಟಾರ್‌ಗೆ ಆಂಪ್ಲಿಫೈಯರ್ ಬೆನ್ನಿಗಿದೆ, ಒಂದು ಸ್ವರ ಕ್ರೀಡಾಂಗಣವನ್ನೆಲ್ಲ ತುಂಬಿ ನಿಂತೀತು. ಮ್ಯಾಂಡೋಲಿನ್‌ನ ಸ್ವರವಾದರೋ ಮೀಟಿದ ಕ್ಷಣದಲ್ಲೇ ಸಾಯತೊಡಗುತ್ತದೆ. ಅದನ್ನು ಬದುಕಿಸಿಡಲು ಇರುವ ದಾರಿ ಒಂದೇ, ಪಿಕ್‌ನಿಂದ ಮೇಲೆ ಕೆಳಗೆ ಬಿಡುವಿಲ್ಲದೆ ಮೀಟುತ್ತಿರುವುದು. ಟ್ರೆಮೊಲೊ ಎನ್ನುವುದು ಇದನ್ನೇ. ಕೈ ಸ್ವಲ್ಪ ಬಿಗಿದರೂ ಟ್ರೆಮೊಲೊ ಒಡೆಯುತ್ತದೆ, ಒಡೆದದ್ದನ್ನು ಮುಚ್ಚಿಡಲು ಯಾವ ಯಂತ್ರವೂ ಇಲ್ಲ.

ಜೋನ್ಸ್ ಕೈಗೆ ಈ ವಾದ್ಯ ಬಂದದ್ದು ಇತ್ತೀಚೆಗಲ್ಲ. ಲೆಡ್ ಝೆಪ್ಪೆಲಿನ್‌ನ ನಾಲ್ಕನೆಯ ಆಲ್ಬಮ್ ಹೊರಬಂದದ್ದು 1971ರ ನವೆಂಬರ್‌ನಲ್ಲಿ. ಮುಖಪುಟದ ಮೇಲೆ ತಂಡದ ಹೆಸರೂ ಇಲ್ಲದ ಆ ಆಲ್ಬಮ್ ಅಮೆರಿಕವೊಂದರಲ್ಲೇ 2 ಕೋಟಿಗೂ ಮೀರಿ ಮಾರಾಟವಾಯಿತು. ಅದರಲ್ಲಿ ಮ್ಯಾಂಡೋಲಿನ್ ಎರಡು ಕಡೆ ಇದೆ. 'ಗೋಯಿಂಗ್ ಟು ಕ್ಯಾಲಿಫೋರ್ನಿಯಾ'ದಲ್ಲಿ ಡ್ರಮ್ಸ್ ಇಲ್ಲ, ಬಾಸ್ ಇಲ್ಲ. ಪ್ಲಾಂಟ್ ಅವರ ಕಂಠ, ಪೇಜ್ ಅವರ ಗಿಟಾರ್, ಜೋನ್ಸ್ ಅವರ ಮ್ಯಾಂಡೋಲಿನ್. 'ದಿ ಬ್ಯಾಟಲ್ ಆಫ್ ಎವರ್‌ಮೋರ್' ಹುಟ್ಟಿದ್ದು ಹ್ಯಾಂಪ್‌ಷೈರ್‌ನ ಹೆಡ್ಲಿ ಗ್ರೇಂಜ್ ಎಂಬ ಹಳೆಯ ಮನೆಯಲ್ಲಿ. ಅಲ್ಲಿದ್ದ ಜೋನ್ಸ್ ಅವರ ಮ್ಯಾಂಡೋಲಿನ್ ಅನ್ನು ಪೇಜ್ ಕೈಗೆತ್ತಿಕೊಂಡರು. ಅವರು ಅದನ್ನು ಹಿಂದೆಂದೂ ನುಡಿಸಿದವರಲ್ಲ. ಬೆರಳಿಗೆ ಸಿಕ್ಕಿದ್ದೇ ಹಾಡಾಯಿತು. ವಾದ್ಯದ ಒಡೆಯ ಅದನ್ನು ಮರಳಿ ಕೇಳಲಿಲ್ಲ. ಆ ಹಾಡಿನಲ್ಲಿ ಮ್ಯಾಂಡೋಲಿನ್ ಪೇಜ್ ಅವರದಾಗಿಯೇ ಉಳಿಯಿತು. ಮುಂದೆ ಆಂಡಿ ಮ್ಯಾನ್ಸನ್ ಎಂಬ ವಾದ್ಯ ತಯಾರಕರು ಜೋನ್ಸ್‌ಗಾಗಿ ಮೂರು ಕತ್ತಿನ ವಾದ್ಯವೊಂದನ್ನು ಮಾಡಿಕೊಟ್ಟರು: ಒಂದು ಕತ್ತು ಆರು ತಂತಿಯ ಗಿಟಾರ್, ಒಂದು ಹನ್ನೆರಡು ತಂತಿಯದು, ಮೂರನೆಯದು ಮ್ಯಾಂಡೋಲಿನ್.

ಆ ಕಾಲದ ರಾಕ್ ಲೋಕದಲ್ಲಿ ಮ್ಯಾಂಡೋಲಿನ್ ವಾದಕನ ಸ್ಥಾನ ಏನಿತ್ತು ಎಂಬುದಕ್ಕೆ ಅದೇ 1971ರ ಇನ್ನೊಂದು ಸಾಕ್ಷಿ ಇದೆ. ರಾಡ್ ಸ್ಟೂವರ್ಟ್ ಅವರ 'ಮ್ಯಾಗಿ ಮೇ' ಹಾಡಿನ ಕೊನೆಯ ಭಾಗ ಜನರ ಮನಸ್ಸಿನಲ್ಲಿ ನಿಂತದ್ದು ಮ್ಯಾಂಡೋಲಿನ್‌ನಿಂದ. ಆಲ್ಬಮ್‌ನ ಹೊದಿಕೆಯ ಮೇಲೆ ಮಾತ್ರ, ಮ್ಯಾಂಡೋಲಿನ್ ನುಡಿಸಿದವರು ಲಿಂಡಿಸ್‌ಫಾರ್ನ್ ತಂಡದವರು, ಹೆಸರು ನೆನಪಿಗೆ ಬರುತ್ತಿಲ್ಲ ಎಂಬರ್ಥದ ಸಾಲು ಅಚ್ಚಾಯಿತು. ಅವರ ಹೆಸರು ರೇ ಜಾಕ್ಸನ್. ಹಾಡು ಕೇಳಿದ ಕೋಟ್ಯಂತರ ಜನರಿಗೆ ಆ ಹೆಸರು ತಲುಪಬೇಕಿತ್ತು ಎಂದು ನನಗೆ ಇಂದಿಗೂ ಅನಿಸುತ್ತದೆ. ಇಪ್ಪತ್ತು ವರ್ಷಗಳ ನಂತರ, 1991ರಲ್ಲಿ, ಆರ್‌ಇಎಂ ತಂಡದ ಪೀಟರ್ ಬಕ್ ಮ್ಯಾಂಡೋಲಿನ್ ಕಲಿಯಲು ತೊಡಗಿದ್ದ ದಿನಗಳಲ್ಲೇ ಹೊಳೆದ ಮಟ್ಟು 'ಲೂಸಿಂಗ್ ಮೈ ರಿಲಿಜನ್' ಆಗಿ ಜಗತ್ತನ್ನು ಸುತ್ತಿತು. ಮರುವರ್ಷ ಅದೇ ತಂಡ ತನ್ನ 'ಆಟೊಮ್ಯಾಟಿಕ್ ಫಾರ್ ದ ಪೀಪಲ್' ಆಲ್ಬಮ್‌ನ ಕೆಲವು ಹಾಡುಗಳಿಗೆ ತಂತಿವಾದ್ಯಗಳ ಸಂಯೋಜನೆ ಬರೆಸಿದ್ದು ಜೋನ್ಸ್ ಅವರಿಂದ.

ಹಾಗೆ ಬರೆದುಕೊಡುವುದು ಅವರಿಗೆ ಹೊಸ ಕೆಲಸವಲ್ಲ. ಲೆಡ್ ಝೆಪ್ಪೆಲಿನ್‌ಗೂ ಮೊದಲು ಲಂಡನ್ನಿನ ಸ್ಟುಡಿಯೊಗಳಲ್ಲಿ ಅವರು ದಿನಗೂಲಿಯ ವಾದಕ ಮತ್ತು ಸಂಯೋಜಕ. ರೋಲಿಂಗ್ ಸ್ಟೋನ್ಸ್‌ನ 1967ರ 'ಶೀಸ್ ಎ ರೇನ್‌ಬೋ' ಹಾಡಿನ ಪಿಟೀಲುಗಳ ಸಾಲನ್ನು ಕಟ್ಟಿದವರು ಅವರೇ. ಇನ್ನೊಬ್ಬರ ಹಾಡು ಚೆನ್ನಾಗಿ ಕೇಳಿಸಲು ತನ್ನಿಂದ ಏನು ಬೇಕು, ಎಷ್ಟು ಬೇಕು ಎಂದು ಅಳೆಯುವುದೇ ಆ ಕಸುಬು. ಈ ಕಸುಬಿನ ಹಿನ್ನೆಲೆಯನ್ನು ಗಮನಿಸದೆ ಅವರ ಮ್ಯಾಂಡೋಲಿನ್ ಪ್ರೀತಿಯನ್ನು ಬರಿಯ ಸ್ವಭಾವದ ಸರಳತೆ ಎಂದುಕೊಂಡರೆ ಅರ್ಧ ವಿಷಯ ಕೈತಪ್ಪುತ್ತದೆ.

ಈಗ ಬ್ಲೂಗ್ರಾಸ್‌ಗೆ ಬರೋಣ. ಕೆಂಟಕಿಯ ಬಿಲ್ ಮನ್ರೋ (1911–1996) ತಮ್ಮ 'ಬ್ಲೂ ಗ್ರಾಸ್ ಬಾಯ್ಸ್' ತಂಡದೊಂದಿಗೆ ರೂಪಿಸಿದ ಸಂಗೀತ ಇದು. ತಂಡದ ಹೆಸರೇ ಪ್ರಕಾರದ ಹೆಸರಾಯಿತು. ಮನ್ರೋ ಮನೆಯ ಕೊನೆಯ ಮಗು. ಪಿಟೀಲು, ಗಿಟಾರ್ ಅಣ್ಣಂದಿರ ಪಾಲಾಗಿ, ಉಳಿದ ಮ್ಯಾಂಡೋಲಿನ್ ಇವರಿಗೆ ಬಂತು. ಸದ್ದು ಹೆಚ್ಚಾಗಬಾರದೆಂದು ಎಂಟರಲ್ಲಿ ನಾಲ್ಕೇ ತಂತಿ ಇಟ್ಟುಕೊಳ್ಳಲು ಅಣ್ಣಂದಿರು ಹೇಳಿದರಂತೆ. ಆ ಹುಡುಗ ಬೆಳೆದು ಮ್ಯಾಂಡೋಲಿನ್ ಅನ್ನೇ ತಂಡದ ನಡುವೆ ತಂದು ನಿಲ್ಲಿಸಿದ. 1954ರಲ್ಲಿ ಎಲ್ವಿಸ್ ಪ್ರೀಸ್ಲಿ ತಮ್ಮ ಮೊದಲ ರೆಕಾರ್ಡಿನ ಒಂದು ಬದಿಗೆ ಹಾಡಿದ್ದು ಮನ್ರೋ ರಚಿಸಿದ 'ಬ್ಲೂ ಮೂನ್ ಆಫ್ ಕೆಂಟಕಿ'. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ 1997ರಲ್ಲಿ ಮನ್ರೋ ಅವರನ್ನು ಆರಂಭದ ಪ್ರೇರಕರ ಸಾಲಿಗೆ ಸೇರಿಸಿಕೊಂಡಿತು. ರಾಕ್ ಕಲಾವಿದ ಮ್ಯಾಂಡೋಲಿನ್ ಹಿಡಿದರೆ ಅನ್ಯ ನಾಡಿಗೆ ಹೋದಂತಲ್ಲ, ತಾಯಿಬೇರಿನ ಹತ್ತಿರ ಹೋದಂತೆ.

ಮನ್ರೋ ತಂಡದ ಮಾದರಿಯ ಬ್ಲೂಗ್ರಾಸ್‌ನಲ್ಲಿ ಡ್ರಮ್ಸ್ ಇರುವುದಿಲ್ಲ. ಹಾಗಾದರೆ ಲಯ ಹಿಡಿಯುವವರು ಯಾರು? ಇಬ್ಬರು. ನಾಲ್ಕು ಎಣಿಕೆಯ ತಾಳದಲ್ಲಿ ಒಂದು ಮತ್ತು ಮೂರಕ್ಕೆ ಬಾಸ್ ಮಂದ್ರದಲ್ಲಿ ಹೆಜ್ಜೆ ಇಡುತ್ತದೆ. ಎರಡು ಮತ್ತು ನಾಲ್ಕಕ್ಕೆ ಮ್ಯಾಂಡೋಲಿನ್ ಎಲ್ಲ ತಂತಿಗಳನ್ನೂ ಒಮ್ಮೆಲೇ ಬಾರಿಸಿ, ಮರುಕ್ಷಣವೇ ಬೆರಳು ಸಡಿಲಿಸಿ ನಾದವನ್ನು ಕತ್ತರಿಸುತ್ತದೆ. ಇದಕ್ಕೆ 'ಚಾಪ್' ಎಂದು ಹೆಸರು. ಕೇಳುವುದಕ್ಕೆ ಸ್ವರಕ್ಕಿಂತ ಏಟಿಗೆ ಹತ್ತಿರ. ಡ್ರಮ್ಸ್ ಮಾಡುವ ಕೆಲಸವನ್ನು ಎರಡು ತಂತಿವಾದ್ಯಗಳು ಹೀಗೆ ಅರ್ಧರ್ಧ ಹಂಚಿಕೊಳ್ಳುತ್ತವೆ. ಒಂದು ಅರ್ಧ ಜಾರಿದರೆ ಇನ್ನೊಂದು ಅರ್ಧಕ್ಕೆ ಅರ್ಥವಿಲ್ಲ.

ಬೋನಮ್ ಜೊತೆ ಹನ್ನೆರಡು ವರ್ಷ ತಾಳದ ಬುನಾದಿ ಹಿಡಿದು ನಿಂತ ಬಾಸ್ ವಾದಕ ಮ್ಯಾಂಡೋಲಿನ್ ಹಿಡಿದು ಬ್ಲೂಗ್ರಾಸ್ ಕೂಟದಲ್ಲಿ ಕೂತರೆ, ತನ್ನ ಜೀವಮಾನದ ಕೆಲಸದ ಇನ್ನೊಂದು ಅರ್ಧವನ್ನು ಕೈಗೆತ್ತಿಕೊಂಡಂತಾಯಿತು. ಜೋನ್ಸ್ ಈ ವಾದ್ಯಕ್ಕೆ ಒಲಿದದ್ದರ ಹಿಂದೆ ನನಗೆ ಕಾಣುವ ತರ್ಕ ಇದು.

ಆ ಕೂಟಕ್ಕೆ ಬರೆಯದ ಕಟ್ಟಳೆಗಳಿವೆ. ಎಲ್ಲರೂ ವೃತ್ತಾಕಾರವಾಗಿ ನಿಲ್ಲುತ್ತಾರೆ ಇಲ್ಲವೇ ಕೂರುತ್ತಾರೆ. ಒಬ್ಬರು ಹಾಡನ್ನೂ ಶ್ರುತಿಯನ್ನೂ ಹೇಳುತ್ತಾರೆ. ಸರದಿ ಬಂದವರು ಒಂದು ಸುತ್ತು ತಮ್ಮ ಕಲ್ಪನೆ ನುಡಿಸುತ್ತಾರೆ, ಆಗ ಉಳಿದವರು ಸದ್ದು ತಗ್ಗಿಸಿ ಒತ್ತಾಸೆ ಕೊಡಬೇಕು. ನಿಮ್ಮ ಸರದಿ ಒಂದೇ ಸುತ್ತು, ಮಿಕ್ಕ ಹೊತ್ತೆಲ್ಲ ಚಾಪ್. ಊರಿನ ಭಜನೆ ಮೇಳದಲ್ಲಿ ತಾಳ ಹಾಕುವವರಿಗೆ ಹೊರಗಿನ ಹೆಸರು ಎಷ್ಟೇ ದೊಡ್ಡದಿದ್ದರೂ ತಾಳ ತಪ್ಪುವ ಹಕ್ಕಿಲ್ಲ, ಇಲ್ಲೂ ಹಾಗೆಯೇ. ಇಲ್ಲಿ ವಿನಯವೆಂದರೆ ಮುಖಭಾವವಲ್ಲ. ಯಾವಾಗ ಸುಮ್ಮನಿರಬೇಕು, ಎಷ್ಟು ಮೆಲ್ಲಗೆ ನುಡಿಸಬೇಕು ಎಂಬುದನ್ನು ಕ್ಷಣಕ್ಷಣಕ್ಕೂ ನಿರ್ಧರಿಸುವ ಕುಶಲತೆ. ಅದನ್ನು ಕಲಿಯಬಹುದು, ಕಲಿಯದಿದ್ದರೆ ಪಕ್ಕದವರಿಗೆ ಕೂಡಲೇ ಗೊತ್ತಾಗುತ್ತದೆ.

2004ರಲ್ಲಿ ಜೋನ್ಸ್ 'ಮ್ಯೂಚುಯಲ್ ಅಡ್ಮಿರೇಷನ್ ಸೊಸೈಟಿ' ತಂಡದ ಜೊತೆ ಅಮೆರಿಕದಲ್ಲಿ ಪ್ರವಾಸ ಮಾಡಿದರು. ಜೋನ್ಸ್‌ಗೆ ಆಗ 58. ಆ ತಂಡದ ಕ್ರಿಸ್ ಥೀಲಿಗೆ 23, ಆ ವಯಸ್ಸಿಗೇ ಅಮೆರಿಕದ ಅಗ್ರ ಮ್ಯಾಂಡೋಲಿನ್ ವಾದಕರಲ್ಲಿ ಒಬ್ಬರು. ತಾವು ಒಲಿದ ವಾದ್ಯದಲ್ಲಿ ತಮಗಿಂತ ಬಹಳ ಮುಂದಿರುವ ಯುವಕನ ಜೊತೆ ದಿನವೂ ವೇದಿಕೆ ಏರುವುದಕ್ಕೆ ಬೇಕಾದ ಮನಸ್ಸು ಎಂಥದು ಎಂದು ಯೋಚಿಸಿ. 2007ರಲ್ಲಿ ಅಂಕಲ್ ಅರ್ಲ್ ಎಂಬ ಮಹಿಳೆಯರ ತಂತಿವಾದ್ಯ ತಂಡದ 'ವಾಟರ್‌ಲೂ, ಟೆನೆಸೀ' ಆಲ್ಬಮ್‌ಗೆ ಅವರು ನಿರ್ಮಾಪಕರಾದರು. ಅದೇ ವರ್ಷ ಡಿಸೆಂಬರ್ 10ರಂದು ಲಂಡನ್ನಿನ ಓ2 ಸಭಾಂಗಣದಲ್ಲಿ ಲೆಡ್ ಝೆಪ್ಪೆಲಿನ್ ಮತ್ತೆ ಒಂದಾಗಿ, ಬೋನಮ್ ಅವರ ಮಗ ಜೇಸನ್ ಡ್ರಮ್ಸ್ ನುಡಿಸಿದಾಗ, ಟಿಕೆಟ್‌ಗಾಗಿ 2 ಕೋಟಿ ಅರ್ಜಿಗಳು ಬಂದವೆಂದು ಸುದ್ದಿಯಾಯಿತು. ಒಬ್ಬನೇ ಮನುಷ್ಯ ಒಂದೇ ವರ್ಷದಲ್ಲಿ ಈ ಎರಡೂ ಕೆಲಸಗಳನ್ನು ಮಾಡಿದ್ದು ನನಗೆ ಆ ಟಿಕೆಟ್ ಸಂಖ್ಯೆಗಿಂತ ದೊಡ್ಡ ಸಂಗತಿ. ಮುಂದೆ ಗಾಯಕಿ ಗಿಲಿಯನ್ ವೆಲ್ಚ್ ಅವರ ಜೊತೆಗಾರ ಡೇವ್ ರಾಲಿಂಗ್ಸ್ ಅವರ ತಂಡದಲ್ಲೂ ಜೋನ್ಸ್ ಮ್ಯಾಂಡೋಲಿನ್ ವಾದಕರಾಗಿ ನಿಂತರು.

ಕನ್ನಡದ ಓದುಗರಿಗೆ ಮ್ಯಾಂಡೋಲಿನ್ ಎಂದರೆ ಯು. ಶ್ರೀನಿವಾಸ್ (1969–2014). ಅವರ ದಾರಿ ಪೂರ್ತಿ ಬೇರೆ. ಜೋಡಿ ತಂತಿಗಳ ಮೇಲೆ ಗಮಕ ಎಳೆಯುವುದು ಕಷ್ಟವೆಂದು ಅವರು ಒಂಟಿ ತಂತಿಗಳ, ಐದು ತಂತಿಯ ಎಲೆಕ್ಟ್ರಿಕ್ ಮ್ಯಾಂಡೋಲಿನ್ ಆರಿಸಿಕೊಂಡರು, ಬೇಗ ಸಾಯುವ ನಾದಕ್ಕೆ ಆಯಸ್ಸು ಕೊಟ್ಟು ರಾಗಾಲಾಪನೆಗೆ ಒಗ್ಗಿಸಿದರು. ಅಲ್ಲಿ ಮ್ಯಾಂಡೋಲಿನ್ ಕಛೇರಿಯ ಯಜಮಾನ. ಹಾಗಾಗಿ ಇದನ್ನು ಮುಂದಾಳು ವಾದ್ಯವಾಗಿಯೇ ಕೇಳಿ ಬೆಳೆದ ನಮ್ಮ ಕಿವಿ, ಹಿಂದೆ ಕೂತು ಎರಡು ಮತ್ತು ನಾಲ್ಕನ್ನು ಹೊಡೆಯುವ ಮ್ಯಾಂಡೋಲಿನ್ ಅನ್ನು ಗಮನಿಸದೆ ದಾಟಿಬಿಡುವ ಸಾಧ್ಯತೆ ಹೆಚ್ಚು.

ಗಮನಿಸಬೇಕೆನ್ನುವವರು 'ಗೋಯಿಂಗ್ ಟು ಕ್ಯಾಲಿಫೋರ್ನಿಯಾ'ವನ್ನು ಹೆಡ್‌ಫೋನ್ ಹಾಕಿಕೊಂಡು ಎರಡು ಸಲ ಕೇಳಬಹುದು. ಮೊದಲ ಸಲ ಪ್ಲಾಂಟ್ ಕಂಠದ ಹಿಂದೆ ಹೋಗಿ. ಎರಡನೆಯ ಸಲ ಕಂಠ ಬಿಟ್ಟು, ಗಿಟಾರ್‌ಗಿಂತ ಎತ್ತರದಲ್ಲಿ ಮಿಣುಕುವ ತೆಳು ನಾದವನ್ನು ಹಿಡಿಯಿರಿ. ಗಾಯಕ ಉಸಿರು ತೆಗೆದುಕೊಳ್ಳುವಲ್ಲಿ ಅದು ಏನು ಮಾಡುತ್ತದೆ, ಅವರು ಹಾಡುವಾಗ ಎಷ್ಟು ಹಿಂದೆ ಸರಿಯುತ್ತದೆ ಎಂದು ನೋಡಿ. ಆಮೇಲೆ ಬಿಲ್ ಮನ್ರೋ ಅವರ ಯಾವುದಾದರೂ ವೇಗದ ಹಾಡು ಹಾಕಿಕೊಂಡು ಕೈಯಲ್ಲಿ ನಾಲ್ಕು ಎಣಿಸುತ್ತ ಹೋಗಿ. ಒಂದು, ಮೂರು ಬಾಸ್. ಎರಡು, ನಾಲ್ಕು ಮ್ಯಾಂಡೋಲಿನ್. ಒಂದು ಹಾಡು ಮುಗಿಯುವುದರೊಳಗೆ ಕಿವಿ ಅದನ್ನು ತಾನಾಗಿಯೇ ಹುಡುಕತೊಡಗುತ್ತದೆ.