ಮೂರು ದಿನದ ರಜೆ, ಮೂರು ಹಗಲಿನ ಪ್ಯಾಕೇಜು

ಕಳೆದ ತಿಂಗಳು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ಜಾಹೀರಾತು ಬಂತು. ಪಶ್ಚಿಮಘಟ್ಟದ ಯಾವುದೋ ಹೋಂಸ್ಟೇಯಲ್ಲಿ ಎರಡು ರಾತ್ರಿ, ಮೂರು ಹಗಲು. ಚಾರಣ, ಧ್ಯಾನ, ಕ್ಯಾಂಪ್‌ಫೈರ್, ಸಾವಯವ ಊಟ. ಮನೆಯವರನ್ನು ಕಳೆದುಕೊಂಡ ಯುವಜನರಿಗಾಗಿ ಎಂದು ಮೇಲೆ ದಪ್ಪಕ್ಷರದಲ್ಲಿತ್ತು. ಕಳಿಸಿದವರು ದೂರದ ಸಂಬಂಧಿ. ಅವರ ಓರಗಿತ್ತಿ ತೀರಿಕೊಂಡು ತಿಂಗಳಾಗಿತ್ತಷ್ಟೆ. ಆಕೆಯ ಮಗನಿಗೆ ಇನ್ನೂ 21. ‘ಇವನನ್ನು ಕಳಿಸಿದರೆ ಹೇಗೆ? ಮನಸ್ಸು ಬದಲಾಗಬಹುದು’ ಎಂದು ಕೇಳಿದ್ದರು.

ಮನಸ್ಸು ಯಾಕೆ ಬದಲಾಗಬೇಕು? ಅಮ್ಮ ಸತ್ತು ತಿಂಗಳಾದ ಹುಡುಗನ ಮನಸ್ಸು ಎಲ್ಲಿರಬೇಕೋ ಅಲ್ಲೇ ಇದೆ. ಬದಲಾಗಬೇಕಾದದ್ದು ಅವನ ಮುಖ, ಅದೂ ನಮ್ಮ ಅನುಕೂಲಕ್ಕೆ. ಸೋಫಾದ ಮೂಲೆಯಲ್ಲಿ ಮಾತಿಲ್ಲದೆ ಕೂತ ಹುಡುಗನನ್ನು ನೋಡುವುದು ನಮಗೆ ಕಷ್ಟ. ಅದಕ್ಕೇ ದುಡ್ಡು ಕೊಟ್ಟು ಕಾಡಿಗೆ ಕಳಿಸಿ, ರಿಪೇರಿಯಾಗಿ ಬರಲಿ ಎಂದು ಕಾಯುತ್ತೇವೆ.

ಬಯಲು, ಮರ, ನೀರು ದುಃಖಕ್ಕೆ ಒಳ್ಳೆಯದಲ್ಲ ಎಂದು ನಾನು ಹೇಳುತ್ತಿಲ್ಲ. ಒಳ್ಳೆಯದು ಎಂದು ಕಣ್ಣಾರೆ ಕಂಡವಳು ನಾನು. ಕಂಡದ್ದರಿಂದಲೇ ಈ ಸಿಟ್ಟು.

2021ರ ಮೇ ತಿಂಗಳಲ್ಲಿ ನಮ್ಮ ಭಾವ ಕೋವಿಡ್‌ನಿಂದ ಹೋದರು. ಅಕ್ಕನ ಮಗಳಿಗೆ ಆಗ 23. ಬೆಂಗಳೂರಿನ ಕಂಪನಿಯೊಂದರ ಕೆಲಸವನ್ನು ಮೈಸೂರಿನ ಮನೆಯಿಂದಲೇ ಮಾಡುತ್ತಿದ್ದಳು. ಅಪ್ಪನ ಮುಖವನ್ನು ಅವಳು ಕೊನೆಯದಾಗಿ ನೋಡಿದ್ದು ಆಂಬುಲೆನ್ಸಿನ ಬಾಗಿಲು ಹಾಕುವ ಮುಂಚೆ. ಸ್ಮಶಾನಕ್ಕೆ ಹೋದದ್ದು ಅವಳ ದೊಡ್ಡಪ್ಪನ ಮಗ, ಪಿಪಿಇ ಕಿಟ್ ತೊಟ್ಟುಕೊಂಡು. ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಟ್ಟು ಬಂದವನೂ ಅವನೇ. ಇದಕ್ಕೆಲ್ಲ ಕೋವಿಡ್ ಕಾರಣ ಎಂದುಕೊಂಡೆವು. ನಿಜ ಹೇಳಬೇಕೆಂದರೆ, ಕೋವಿಡ್ ಇಲ್ಲದಿದ್ದರೂ ಅವಳನ್ನು ಬಾಗಿಲಲ್ಲೇ ನಿಲ್ಲಿಸುತ್ತಿದ್ದೆವು. ಹೆಣ್ಣುಮಗಳಲ್ಲವೇ?

ಆ ವರ್ಷ ಎಷ್ಟು ಮಕ್ಕಳಿಗೆ ಹೀಗಾಯಿತೋ. ಬೆಂಗಳೂರಿನ ಹೊರವಲಯದಲ್ಲಿ, ತಾವರೆಕೆರೆ ಮತ್ತು ಗಿಡ್ಡೇನಹಳ್ಳಿಗಳಲ್ಲಿ, ಬಯಲಲ್ಲೇ ಸಾಲು ಚಿತೆ ಹಚ್ಚಿದರು. ಯಾರೂ ಬಂದು ಒಯ್ಯದ ನೂರಾರು ಜನರ ಅಸ್ಥಿಯನ್ನು ಜೂನ್ ಮೊದಲ ವಾರ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಬಳಿ ಕಾವೇರಿಯಲ್ಲಿ ಸರ್ಕಾರವೇ ವಿಸರ್ಜಿಸಿತು. ಹೊಳೆದಂಡೆ, ಕಾಗೆಗೆ ಇಡುವ ಪಿಂಡ, ತಲೆ ಮೇಲೆ ತಣ್ಣೀರು: ಈ ಶಾಸ್ತ್ರಗಳಲ್ಲಿ ನನಗೆ ಅಂಥ ನಂಬಿಕೆಯೇನೂ ಇಲ್ಲ. ಆದರೆ ಸತ್ತವರ ನೆಪದಲ್ಲಿ ಬದುಕಿದವರನ್ನು ಮನೆಯಿಂದ ಆಚೆ ಎಳೆಯುತ್ತಿದ್ದವಲ್ಲ, ಆ ಒಂದು ಉಪಕಾರ ಅವು ಮಾಡುತ್ತಿದ್ದವು. ಗಂಡುಮಕ್ಕಳಿಗೆ ಮಾತ್ರ, ಅದು ಬೇರೆ ಮಾತು.

ಅವಳ ಕಂಪನಿ ಮೂರು ದಿನ ರಜೆ ಕೊಟ್ಟಿತು. ನಾಲ್ಕನೆಯ ದಿನ ಲ್ಯಾಪ್‌ಟಾಪ್ ತೆರೆದಳು. ಇಷ್ಟೇ ಯಾಕೆ ಎಂದು ಕೇಳಲು ಕಾನೂನಿನ ಬಲವಿಲ್ಲ. ಖಾಸಗಿ ಕೆಲಸದವರಿಗೆ ಮನೆಯಲ್ಲಿ ಸಾವಾದರೆ ಇಂತಿಷ್ಟು ದಿನ ರಜೆ ಎಂಬ ಹಕ್ಕು ನಮ್ಮ ದೇಶದಲ್ಲಿಲ್ಲ. ಎಲ್ಲ ಕಂಪನಿಯವರ ದಯೆ. ಮನೆಗೆ ಫೋನ್ ಮಾಡಿದವರೆಲ್ಲ ಅವಳಿಗೆ ಹೇಳಿದ್ದು ಒಂದೇ: ‘ನೀನು ಗಟ್ಟಿಯಾಗಿರಬೇಕಮ್ಮ, ಅಮ್ಮನಿಗೆ ಇನ್ನು ನೀನೇ ದಿಕ್ಕು.’ ನಾನೂ ಹೇಳಿದೆ. ಒಂದಲ್ಲ, ನಾಲ್ಕೈದು ಸಲ ಹೇಳಿದೆ. ಅವಳು ಗಟ್ಟಿಯಾದಳು. ಎಷ್ಟು ಗಟ್ಟಿಯಾದಳೆಂದರೆ ಊಟದ ತಟ್ಟೆ ರೂಮಿನ ಬಾಗಿಲಾಚೆ ಇಟ್ಟು ಬರಬೇಕಾಯಿತು.

ಲಾಕ್‌ಡೌನ್ ಸಡಿಲವಾದ ಮೇಲೆ ಒಂದು ಬೆಳಿಗ್ಗೆ ಅವಳನ್ನು ಕುಕ್ಕರಹಳ್ಳಿ ಕೆರೆಗೆ ಕರೆದುಕೊಂಡು ಹೋದೆ. ಇದರಲ್ಲಿ ನನ್ನ ಜಾಣತನವೇನೂ ಇಲ್ಲ. ಸಕ್ಕರೆ ಕಾಯಿಲೆಗೆ ಡಾಕ್ಟರು ನನಗೆ ನಡೆಯಲು ಹೇಳಿದ್ದರು, ಒಬ್ಬಳೇ ಹೋಗಲು ಬೇಜಾರು. ‘ಜೊತೆಗೆ ಬಾರೇ’ ಎಂದೆ, ಬಂದಳು. ಏರಿಯ ಮೇಲೆ ನಡೆದೆವು. ಒಣಗಿದ ಕೊರಡಿನ ಮೇಲೆ ನೀರುಕಾಗೆಗಳು ರೆಕ್ಕೆ ಹರಡಿಕೊಂಡು ಕೂತಿದ್ದವು. ಅವಳು ಮಾತಾಡಲಿಲ್ಲ. ಮಾರನೆಯ ದಿನವೂ ಹೋದೆವು. ಹದಿನೈದು ದಿನ ಆಡಿದ್ದು ಹೂಂ, ಉಹೂಂ ಅಷ್ಟೆ. ಮೂರನೆಯ ವಾರ ನಡೆಯುತ್ತ ನಡೆಯುತ್ತ ಇದ್ದಕ್ಕಿದ್ದಂತೆ ಹೇಳಿದಳು: ‘ಚಿಕ್ಕಮ್ಮ, ಅಪ್ಪನ ನಂಬರಿಗೆ ರೀಚಾರ್ಜ್ ಮಾಡಿಸ್ತಾ ಇದೀನಿ. ಅಮ್ಮಂಗೆ ಹೇಳ್ಬೇಡ.’

ಎದುರು ಬದುರು ಕೂತಿದ್ದರೆ ಈ ಮಾತು ಬರುತ್ತಿರಲಿಲ್ಲ. ಎದುರು ಕೂತವರ ಕಣ್ಣು ಉತ್ತರ ಕೇಳುತ್ತದೆ, ಅಥವಾ ಅಯ್ಯೋ ಎನ್ನುತ್ತದೆ. ಪಕ್ಕದಲ್ಲಿ ನಡೆಯುವವರ ಕಣ್ಣು ದಾರಿಯ ಮೇಲಿರುತ್ತದೆ. ನಾನು ‘ಸರಿ’ ಎಂದೆ. ಒಂದು ಹೆಜ್ಜಾರ್ಲೆ ನೀರಿಗೆ ಇಳಿಯಿತು, ಇಬ್ಬರೂ ಅದನ್ನು ನೋಡಿದೆವು. ಮುಂದೆ ನಡೆದೆವು.

ಆಮೇಲೆ ಓದಿ ತಿಳಿದದ್ದೂ ಒಂದಿಷ್ಟಿದೆ. ನೆದರ್ಲೆಂಡ್ಸಿನ ಯುಟ್ರೆಕ್ಟ್ ವಿಶ್ವವಿದ್ಯಾಲಯದ ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಸ್ಖುಟ್ 1999ರಲ್ಲಿ ಬರೆದಂತೆ, ದುಃಖ ಮೆಟ್ಟಿಲು ಹತ್ತಿದ ಹಾಗೆ ಒಂದೊಂದೇ ಹಂತ ದಾಟುವುದಲ್ಲ. ಸತ್ತವರ ಕಡೆಗೊಮ್ಮೆ, ಬದುಕಿನ ಕಡೆಗೊಮ್ಮೆ ಮನಸ್ಸು ತೂಗುತ್ತಿರುತ್ತದೆ, ಎರಡೂ ಬೇಕು. ಕೆರೆಯ ದಂಡೆ ಈ ತೂಗಾಟಕ್ಕೆ ಎಡೆ ಕೊಡುತ್ತದೆ. ಹಕ್ಕಿ ಕಂಡಾಗ ಹಕ್ಕಿ, ಅಪ್ಪ ನೆನಪಾದಾಗ ಅಪ್ಪ. ರೂಮಿನೊಳಗೆ ಬರೀ ಅಪ್ಪ, ಮೀಟಿಂಗಿನಲ್ಲಿ ಬರೀ ಕೆಲಸ.

ಮೂರು ಹಗಲಿನ ಪ್ಯಾಕೇಜಿನಲ್ಲಿ ಈ ತೂಗಾಟಕ್ಕೆ ಹೊತ್ತೆಲ್ಲಿದೆ? ಎರಡನೆಯ ರಾತ್ರಿಯೇ ಬೆಂಕಿಯ ಸುತ್ತ ಗುರುತಿಲ್ಲದವರ ಮುಂದೆ ಅತ್ತು ಹಗುರಾಗಬೇಕು, ಸೋಮವಾರ ಆಫೀಸು. ಇನ್ನು ಬೆಟ್ಟಗಳ ಕಥೆ ಗೊತ್ತೇ ಇದೆ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಮುಗಿಬಿದ್ದ ಸಾವಿರಾರು ಜನರನ್ನು ಕಂಡು, ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣವನ್ನೇ ಸರ್ಕಾರ ನಿಲ್ಲಿಸಬೇಕಾಯಿತು. ಆ ಸಾಲಿನಲ್ಲಿ ನಿಂತು ಯಾರು ಯಾರನ್ನು ನೆನೆಯುವುದು? ದುಃಖದಲ್ಲಿರುವವರಿಗೆ ಶಿಖರ ಬೇಡ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರ, ನಾಳೆಯೂ ಹೋಗಬಹುದಾದ ಒಂದು ಜಾಗ ಬೇಕು.

ಅಂಥ ಜಾಗಗಳನ್ನು ನಾವು ಹೇಗಿಟ್ಟಿದ್ದೇವೆ? ಎಷ್ಟೋ ಊರಿನ ಪಾರ್ಕುಗಳಿಗೆ ನಡುಹಗಲು ಬೀಗ. ಬೆಂಚಿನ ಮೇಲೆ ಹುಡುಗಿಯೊಬ್ಬಳು ಸುಮ್ಮನೆ ಕೂತರೆ ‘ಯಾರಿಗೆ ಕಾಯ್ತಾ ಇದೀಯಮ್ಮ’ ಎಂದು ವಾಚ್‌ಮನ್ನಿನ ವಿಚಾರಣೆ. ನನಗೆ ಜ್ವರ ಬಂದ ವಾರ ನಮ್ಮ ಹುಡುಗಿ ಒಬ್ಬಳೇ ಹೋದಳು. ಬೈಕಿನವನೊಬ್ಬ ಹಿಂದೆ ಬಿದ್ದ, ಎರಡನೆಯ ದಿನಕ್ಕೇ ನಿಲ್ಲಿಸಿದಳು. ಎದುರು ಮನೆಯವರಿಗೋ ಬೇರೆ ಚಿಂತೆ: ‘ಅಪ್ಪ ಹೋಗಿ ಎರಡು ತಿಂಗಳಾಗಿಲ್ಲ, ಬೆಳಗಾದರೆ ಸುತ್ತೋಕೆ ಹೋಗ್ತಾಳಲ್ಲ!’ ಅವರ ಲೆಕ್ಕದಲ್ಲಿ ಕದ ಹಾಕಿಕೊಂಡು ಕೂತದ್ದು ದುಃಖ, ಕೆರೆ ಸುತ್ತಿದ್ದು ಶೋಕಿ.

ಬಯಲೊಂದರಿಂದಲೇ ಎಲ್ಲ ಸರಿಹೋಗುತ್ತದೆ ಎಂಬ ಭ್ರಮೆ ನನಗಿಲ್ಲ. ತಿಂಗಳುಗಟ್ಟಲೆ ಕಳೆದರೂ ಏಳಲಾಗದಂತೆ ಹಿಡಿದಿಡುವ ದುಃಖವನ್ನು ವಿಶ್ವ ಆರೋಗ್ಯ ಸಂಸ್ಥೆಯೇ ತನ್ನ ರೋಗಪಟ್ಟಿಗೆ ಸೇರಿಸಿದೆ. ಅದಕ್ಕೆ ವೈದ್ಯರೇ ಬೇಕು. ನಿದ್ದೆ ಇಲ್ಲದ, ಸಾಯುವ ಮಾತಾಡುವ ಹುಡುಗರನ್ನು ನಡಿಗೆಗೆ ಕರೆದು ಕೈತೊಳೆದುಕೊಳ್ಳುವುದು ತಪ್ಪು. ಟೆಲಿಮಾನಸ್‌ನ 14416ಕ್ಕೆ ದುಡ್ಡಿಲ್ಲದೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನಾವೂ ಸೆಪ್ಟೆಂಬರಿನಲ್ಲಿ ಅವಳನ್ನು ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಹೋಗೋಣ ಎಂದು ಅವಳೇ ಹೇಳಿದಳು, ಕೆರೆ ಏರಿಯ ಮೇಲೆ.

ಪಶ್ಚಿಮವಾಹಿನಿಗೂ ಹೋದೆವು, ಮರುವರ್ಷ. ಪುರೋಹಿತರನ್ನು ಕರೆಯಲಿಲ್ಲ. ಪ್ಯಾಂಟು ಮಡಚಿಕೊಂಡು ಮೊಣಕಾಲ ಮಟ್ಟ ನೀರಿಗಿಳಿದು ನಿಂತಳು. ಅಕ್ಕ ದಡದಲ್ಲಿ ಚಪ್ಪಲಿ ಕಾಯುತ್ತ ಕೂತಿದ್ದಳು. ಅರ್ಧ ಗಂಟೆ ಆಗಿರಬಹುದು. ನಾವು ಕರೆಯಲಿಲ್ಲ. ಬಂದ ಮೇಲೆ, ಹಸಿವಾಗ್ತಿದೆ ಎಂದಳು.

ಆ ನಂಬರಿಗೆ ಈಗಲೂ ರೀಚಾರ್ಜ್ ಆಗುತ್ತಿದೆ. ಆಗಲಿ.

ವಾಟ್ಸಾಪಿನಲ್ಲಿ ಕೇಳಿದವರಿಗೆ ನಾನು ಹೀಗೆ ಬರೆದೆ: ‘ಹುಡುಗನನ್ನು ಎಲ್ಲಿಗೂ ಕಳಿಸಬೇಡಿ, ನೀವೇ ಕರೆದುಕೊಂಡು ಹೋಗಿ. ನಿಮ್ಮ ಮನೆ ಹತ್ತಿರ ಯಾವ ಕೆರೆಯಿದೆಯೋ ಅಲ್ಲಿಗೆ, ದಿನಾ. ಅವನಾಗಿ ಮಾತಾಡುವವರೆಗೆ ಏನೂ ಕೇಳಬೇಡಿ.’ ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಎರಡು ದಿನ ಬಿಟ್ಟು ಫೋನ್ ಬಂತು: ‘ಬೆಳಿಗ್ಗೆ ಆರಕ್ಕೆ ಏಳೋದು ನನಗೆ ಕಷ್ಟ ಕಣೇ. ಸಂಜೆ ಆದರೆ ಪರವಾಗಿಲ್ವಾ?’

ಸಂಜೆಯಾದರೂ ಆಗುತ್ತದೆ ಎಂದೆ.